ಮಲ್ಲೇಶ್ವರದಿಂದ ಮಾಸ್ಕೋವಿಗೆ: ನಾಟ್ಯಗುರು ಮಾಯಾ ರಾವ್

ಕಳೆದ ತಿಂಗಳು ಒಂದು ಸಂಜೆ ನಮ್ಮ ಕಚೇರಿಗೆ ಒಬ್ಬ ಗೃಹಸ್ಥರು ಬಂದಿದ್ದರು. ಕುಂದಾಪುರದ ಕಡೆಯವರು; ಇಪ್ಪತ್ತು ವರ್ಷಗಳಿಂದ ಮುಂಬಯಿಯಲ್ಲಿ ಗುಮಾಸ್ತಗಿರಿ. ಹತ್ತು ವರ್ಷ ನಾಟ್ಯ ಕಲಿತ ಅವರ ಮಗಳು, ಪದವಿ ಮುಗಿಯುತ್ತಿರುವ ಈ ಹೊತ್ತಿನಲ್ಲಿ, ಬ್ಯಾಂಕಿನ ಪರೀಕ್ಷೆಗೆ ಕುಳಿತುಕೊಳ್ಳಲೊಲ್ಲೆ, ನಾಟ್ಯವನ್ನೇ ಕಲಿಸುವೆನೆಂದು ಹಟ ಹಿಡಿದಿದ್ದಾಳಂತೆ. "ರಾಯರೇ, ಕುಣಿತದಿಂದ ಹೊಟ್ಟೆ ತುಂಬುವುದುಂಟೋ? ನೀವಾದರೂ ಅವಳಿಗೆ ನಾಲ್ಕು ಮಾತು ಹೇಳಬೇಕು" ಎಂಬುದು ಅವರ ಕೋರಿಕೆ.

ನಾವು ಮಗಳಿಗೆ ಹೇಳಬೇಕಾದ ನಾಲ್ಕು ಮಾತನ್ನು ಬಿಟ್ಟು ತಂದೆಗೇ ಒಬ್ಬರ ವೃತ್ತಾಂತವನ್ನು ಹೇಳಿದೆವು. ಅದನ್ನೇ ಇಂದು ವಾಚಕರ ಮುಂದಿಡುತ್ತಿದ್ದೇವೆ.

ಮಾಯಾ ರಾವ್ ಅವರು ಜನಿಸಿದ್ದು 1928ರಲ್ಲಿ, ಬೆಂಗಳೂರಿನ ಮಲ್ಲೇಶ್ವರದಲ್ಲಿ, ಮಡಿವಂತಿಕೆಯ ಒಂದು ಸಾರಸ್ವತ ಕುಟುಂಬದಲ್ಲಿ. ತಂದೆ ಹಟ್ಟಂಗಡಿ ಸಂಜೀವರಾಯರು ಕಟ್ಟಡಗಳ ವಿನ್ಯಾಸಕಾರರಾಗಿ ಹೆಸರಾದವರು. ಅವರು ಒಮ್ಮೆ ಉದಯಶಂಕರರ ನೃತ್ಯ ಪ್ರದರ್ಶನವನ್ನು ನೋಡಿ ಮಾರುಹೋಗಿ, ತಮ್ಮ ಹೆಣ್ಣುಮಕ್ಕಳಿಗೆ ನಾಟ್ಯ ಕಲಿಸಿಯೇ ತೀರುವುದೆಂದು ನಿಶ್ಚಯಿಸಿದರು. ಗೃಹಸ್ಥರ ಮನೆಯ ಹುಡುಗಿ ಗೆಜ್ಜೆ ಕಟ್ಟಿದರೆ ಬೀದಿಯೆಲ್ಲ ಮೂಗು ಮುರಿಯುತ್ತಿದ್ದ ಕಾಲವದು. ತಂದೆಯೇ ಮುಂದೆ ನಿಂತು ಕಲಿಸಿದ್ದು ಸಾಮಾನ್ಯ ಧೈರ್ಯವಲ್ಲ.

ಬೆಂಗಳೂರಿನಲ್ಲಿ ಆಗ ಜಯಪುರ ಘರಾಣೆಯ ಸೋಹನಲಾಲರು ಕಥಕ್ ಕಲಿಸುತ್ತಿದ್ದರು. ದಕ್ಷಿಣದ ಹುಡುಗಿಗೆ ದೊರೆತದ್ದು ಉತ್ತರದ ವಿದ್ಯೆ. ಆದರೆ ಆ ವಿದ್ಯೆ ಮನೆಯ ಭೂಷಣವಾಗಿ ಉಳಿಯಲಿಲ್ಲ. ಸಂಜೀವರಾಯರು ಅಕಾಲದಲ್ಲಿ ತೀರಿಕೊಂಡರು. ಸಂಸಾರದ ಭಾರ ಹೊರಲು ಮಾಯಾ ಅವರು ಹದಿಹರೆಯದಲ್ಲಿಯೇ ‘ನಾಟ್ಯ ಸರಸ್ವತಿ’ ಎಂಬ ಶಾಲೆಯಲ್ಲಿ ಪಾಠ ಹೇಳತೊಡಗಿದರು. ಗುಮಾಸ್ತರು ನಮ್ಮನ್ನು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಅವರ ಶಿಕ್ಷಕವೃತ್ತಿ ಆರಂಭವಾದದ್ದು ಕೀರ್ತಿಗಾಗಿ ಅಲ್ಲ, ಮನೆಯ ಒಲೆ ಉರಿಯಲೆಂದು. ಹದಿನಾರು ಹದಿನೇಳರ ವಯಸ್ಸಿನಲ್ಲಿ ಊರು ಬಿಟ್ಟು ಬಂದು ಮನೆಗೆ ಹಣ ಕಳುಹಿಸಿದ ನಮ್ಮ ಹೋಟೆಲು ಬಾಂಧವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಲಿಸುತ್ತ ಕಲಿಸುತ್ತ ಅವರಿಗೆ ತಮ್ಮ ಕಲಿಕೆ ಸಾಲದೆಂದು ತೋರಿತು. ಗುರು ಸುಂದರ ಪ್ರಸಾದರಲ್ಲಿ ಅಭ್ಯಾಸ ಮಾಡಿದರು. ಸಿಂಹಳಕ್ಕೆ ಹೋಗಿ ಅಲ್ಲಿನ ಕ್ಯಾಂಡಿ ನೃತ್ಯವನ್ನು ಕಲಿತರು. ಅನಂತರ ಸರಕಾರದ ವಿದ್ಯಾರ್ಥಿವೇತನ ಪಡೆದು ದೆಹಲಿಯ ಭಾರತೀಯ ಕಲಾಕೇಂದ್ರದಲ್ಲಿ ಲಖನೌ ಘರಾಣೆಯ ಶಂಭು ಮಹಾರಾಜರ ಶಿಷ್ಯೆಯಾದರು. ಆಗಲೇ ಹತ್ತಾರು ಮಕ್ಕಳಿಗೆ ಗುರುವಾಗಿದ್ದವರು ಮರಳಿ ವಿದ್ಯಾರ್ಥಿಯ ಚಾಪೆಯ ಮೇಲೆ ಕುಳಿತುದು ನಮಗೆ ಬಹಳ ಹಿಡಿಸಿದ ಸಂಗತಿ. ಗಲ್ಲೆಯ ಮೇಲೆ ಕುಳಿತವನು ಪುನಃ ಅಡಿಗೆಮನೆಗೆ ಇಳಿಯುವುದು ಎಷ್ಟು ಕಷ್ಟವೆಂಬುದನ್ನು ನಾವು ಸ್ವಾನುಭವದಿಂದ ಬಲ್ಲೆವು.

ಕಥಕ್ ಮೂಲತಃ ಒಬ್ಬರೇ ನರ್ತಿಸುವ ವಿದ್ಯೆ. ಒಂದು ಪಕ್ಕದಲ್ಲಿ ತಬಲಾ, ಇನ್ನೊಂದು ಪಕ್ಕದಲ್ಲಿ ಸಾರಂಗಿ, ನಡುವೆ ನರ್ತಕಿ. ಹದಿನಾರು ಮಾತ್ರೆಗಳ ತೀನತಾಲದಲ್ಲಿ ಹೆಜ್ಜೆಯ ಬೋಲುಗಳನ್ನು ಹೆಣೆದು, ಒಂದೇ ತುಣುಕನ್ನು ಮೂರು ಸಲ ಹೇಳಿ, ಮೂರನೆಯದರ ಕೊನೆಯ ಪೆಟ್ಟನ್ನು ಕರಾರುವಾಕ್ಕಾಗಿ ‘ಸಮ್’ಗೆ ತಂದು ನಿಲ್ಲಿಸಿದಾಗ ಸಭೆ ತಲೆದೂಗುತ್ತದೆ. ಇದಕ್ಕೆ ತಿಹಾಯಿ ಎಂದು ಹೆಸರು. ಹೀಗೆ ಒಬ್ಬರು ನರ್ತಿಸುವುದು ಬೇರೆ, ಮೂವತ್ತು ಮಂದಿಯನ್ನು ರಂಗದ ಮೇಲೆ ನಡೆಸಿ ಒಂದು ಕಥೆಯನ್ನು ಹೇಳಿಸುವುದು ಬೇರೆ. ಯಾರು ಯಾವ ಪಕ್ಕದಿಂದ ಪ್ರವೇಶಿಸಬೇಕು, ಯಾವಾಗ ಗುಂಪು ಒಡೆಯಬೇಕು, ಸಂಗೀತ ಎಲ್ಲಿ ಮೌನವಾಗಬೇಕು, ಬೆಳಕು ಯಾರ ಮೇಲೆ ಬೀಳಬೇಕು ಎಂಬುದನ್ನೆಲ್ಲ ಮೊದಲೇ ಮನಸ್ಸಿನಲ್ಲಿ ಕಾಣಬೇಕು. ಒಂದು ಕಾವಲಿಯ ಮೇಲೆ ದೋಸೆ ಹೊಯ್ಯಬಲ್ಲವರೆಲ್ಲರೂ ಐನೂರು ಎಲೆಯ ಮದುವೆಯೂಟವನ್ನು ನಿಭಾಯಿಸಲಾರರು. ನೃತ್ಯಸಂಯೋಜನೆ ಎಂಬುದು ಈ ಎರಡನೆಯ ಬಗೆಯ ವಿದ್ಯೆ.

ಅದನ್ನು ಶಾಸ್ತ್ರವಾಗಿ ಕಲಿಸುವ ಸ್ಥಳವನ್ನು ಅರಸಿಯೇ ಅವರು 1960ರಲ್ಲಿ ಸೋವಿಯೆತ್ ದೇಶಕ್ಕೆ ತೆರಳಿದರು. ಮಾಸ್ಕೋದ ಲುನಾಚಾರ್ಸ್ಕಿ ರಂಗಕಲಾ ಸಂಸ್ಥೆಯಲ್ಲಿ ಆಗ ಬ್ಯಾಲೆ ಸಂಯೋಜನೆಯ ವಿಭಾಗಕ್ಕೆ ರೊಸ್ತಿಸ್ಲಾವ್ ಜಖಾರೋವ್ ಅಧಿಪತಿಗಳಾಗಿದ್ದರು. ಮಲ್ಲೇಶ್ವರದ ಹೆಣ್ಣುಮಗಳು ಆ ಹಿಮದ ನಾಡಿನಲ್ಲಿ ಕಲಿತು 1964ರಲ್ಲಿ ಹಿಂದಿರುಗಿದರು.

ಹಿಂದಿರುಗಿದವರನ್ನು ಕೈಹಿಡಿದವರು ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರು. ಅವರ ಭಾರತೀಯ ನಾಟ್ಯ ಸಂಘದ ಆಶ್ರಯದಲ್ಲಿ, ಅದೇ 1964ರಲ್ಲಿ, ದೆಹಲಿಯಲ್ಲಿ ನೃತ್ಯಸಂಯೋಜನೆಗೆಂದೇ ‘ನಾಟ್ಯ’ ಸಂಸ್ಥೆ ತೆರೆಯಿತು. ದೆಹಲಿಯಲ್ಲಿ ಇಬ್ಬರು ಕನ್ನಡನಾಡಿನ ಮಹಿಳೆಯರು ಸೇರಿ ಇಂಥ ವಿದ್ಯಾಲಯವನ್ನು ಕಟ್ಟಿದರೆಂದು ಹೊರನಾಡ ಕನ್ನಡಿಗರಾದ ನಾವು ಎದೆ ಸ್ವಲ್ಪ ಉಬ್ಬಿಸಿದರೆ ತಪ್ಪಾಗದು. ಎರಡು ದಶಕಗಳಿಗೂ ಮಿಕ್ಕಿ ಅಲ್ಲಿ ಪಾಠ ನಡೆಯಿತು. ‘ತುಳಸೀ ಕೇ ರಾಮ್’, ‘ಅಮೀರ್ ಖುಸ್ರೋ’, ಷೇಕ್ಸ್‌ಪಿಯರನ ನಾಟಕವನ್ನಾಧರಿಸಿದ ‘ವೆನಿಸ್ ಕಾ ಸೌದಾಗರ್’, ‘ಹೊಯ್ಸಳ ವೈಭವ’, ‘ರಾಮಾಯಣ ದರ್ಶನಂ’ ಮುಂತಾದ ನೃತ್ಯರೂಪಕಗಳು ಅವರಿಂದ ರೂಪುಗೊಂಡವು. ಯೆಹೂದಿ ಸಾಹುಕಾರನ ಕಥೆ ಕಥಕ್ ಹೆಜ್ಜೆಗೆ ಒಗ್ಗೀತೆಂದು ಊಹಿಸಿದ ಧೈರ್ಯ, ತಂದೆಯಿಂದ ಬಂದುದಿರಬೇಕು.

1987ರಲ್ಲಿ ಸಂಸ್ಥೆಯನ್ನು ತವರಾದ ಮಲ್ಲೇಶ್ವರಕ್ಕೆ ತಂದರು. ಅರುವತ್ತರ ಹೊಸ್ತಿಲಲ್ಲಿ ಇತರರು ವಿಶ್ರಾಂತಿಯ ಮಾತಾಡುವಾಗ ಇವರು ಹೊಸ ಊರಿನಲ್ಲಿ ಮೊದಲ ಪಾಠ ಆರಂಭಿಸಿದರು. 1989ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪುರಸ್ಕಾರ ದೊರೆಯಿತು. 2014ರ ಸೆಪ್ಟೆಂಬರಿನಲ್ಲಿ, 86ರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿಯೇ ನಿಧನ ಹೊಂದಿದರು. ಮಗಳು ಮಧು ನಟರಾಜ್ ಅವರು ಸಹ ನರ್ತಕಿ, ನೃತ್ಯಸಂಯೋಜಕಿ.

ಇಲ್ಲಿ ನಮ್ಮದೊಂದು ತಪ್ಪೊಪ್ಪಿಗೆಯನ್ನೂ ಬರೆಯಬೇಕಾಗಿದೆ. ಹಲವು ವರ್ಷಗಳ ಹಿಂದೆ, ನಾವಿನ್ನೂ ಹೋಟೆಲು ನಡೆಸುತ್ತಿದ್ದಾಗ, ಸಂಘವೊಂದರ ವಾರ್ಷಿಕೋತ್ಸವದ ಖಜಾಂಚಿಗಳಾಗಿದ್ದೆವು. ಎರಡು ತಿಂಗಳು ನಮ್ಮ ಮಕ್ಕಳಿಗೆ ನೃತ್ಯರೂಪಕ ಕಲಿಸಿದ ಶಿಕ್ಷಕಿಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಕೊಟ್ಟು ಕೈಮುಗಿದೆವು. ಕುರ್ಚಿಯವನಿಗೂ ಧ್ವನಿವರ್ಧಕದವನಿಗೂ ಅಂದೇ ರಾತ್ರಿ ನಗದು ಎಣಿಸಿಕೊಟ್ಟೆವು. ಆ ತಾಯಿ ಏನೂ ಅನ್ನಲಿಲ್ಲ. ಬಸ್ಸಿಗೆ ಚಿಲ್ಲರೆ ಇದೆಯೇ ಎಂದು ಮಾತ್ರ ನಮ್ಮನ್ನು ಕೇಳಿದರು.

ಇದನ್ನೂ ಆ ಗೃಹಸ್ಥರಿಗೆ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಎದ್ದು, "ಹಾಗಾದರೆ ಅವಳು ಮೊದಲು ಫೀಸು ಕೇಳುವುದನ್ನು ಕಲಿಯಬೇಕು, ರಾಯರೇ" ಎಂದು ಕೊಡೆ ತೆಗೆದುಕೊಂಡು ಹೊರಟರು. ಮೊನ್ನೆ ದೂರವಾಣಿ ಮಾಡಿದ್ದರು. ತಮ್ಮ ಚಾಳಿನ ಮೇಲ್ಮಹಡಿಯ ಖಾಲಿ ಕೋಣೆಯನ್ನು ಸಂಜೆ ಎರಡು ಗಂಟೆಗಳ ಮಟ್ಟಿಗೆ ಬಾಡಿಗೆಗೆ ಕೊಡುವರೇ ಎಂದು ಮಾಲಿಕರನ್ನು ವಿಚಾರಿಸಿದ್ದಾರಂತೆ. ನೆಲ ಮಾತ್ರ ಸ್ವಲ್ಪ ಒಡೆದಿದೆಯಂತೆ.