ವ್ಯಾಧನ ಕತ್ತಿಯಲ್ಲಿ ಹುಟ್ಟಿದ ದೈತ್ಯ

ಮಾಗಿಯ ಇರುಳಿನಲ್ಲಿ ಮೂಡಣದಿಂದ ಮೇಲೇರುವ ಮಹಾವ್ಯಾಧನನ್ನು ಗುರುತಿಸುವುದು ಮಕ್ಕಳಿಗೂ ಸುಲಭ. ಸಾಲಾಗಿ ನಿಂತ ಮೂರು ತಾರೆಗಳು ಅವನ ನಡುಪಟ್ಟಿ. ಅದರ ಕೆಳಗಿನ ಮಸುಕು ಚುಕ್ಕೆಗಳು ಅವನ ಕತ್ತಿ. ಕತ್ತಿಯ ನಡುವಿನ ಚುಕ್ಕೆ ಕೊಂಚ ಮಂಜುಮಂಜಾಗಿ ತೋರುವುದು ಕಣ್ಣಿನ ದೋಷದಿಂದಲ್ಲ. ಸುಮಾರು 1,350 ಜ್ಯೋತಿರ್ವರ್ಷಗಳಾಚೆ ಹೊಳೆಯುತ್ತಿರುವ ಅನಿಲರಾಶಿ ಅದು; ಖಗೋಳಜ್ಞರ ಮಾತಿನಲ್ಲಿ ನೀಹಾರಿಕೆ. 1617ರಲ್ಲಿ ಗೆಲಿಲಿಯೋ ಅತ್ತ ದೂರದರ್ಶಕವನ್ನು ತಿರುಗಿಸಿ, ಒತ್ತಾಗಿ ನಿಂತ ಮೂರು ತಾರೆಗಳನ್ನು ಗುರುತುಹಾಕಿದನು. ಸುತ್ತಲಿನ ಮಂಜನ್ನು ಮಾತ್ರ, ಅಚ್ಚರಿಯೆಂದರೆ, ಅವನು ಬರೆದಿಡಲಿಲ್ಲ.

ಆ ಗುಂಪಿನ ಹಿರಿಯ ತಾರೆಯಲ್ಲಿ ಮೂವತ್ತು ಸೂರ್ಯರಿಗೂ ಮಿಕ್ಕ ದ್ರವ್ಯವಿದೆ. ನೀಹಾರಿಕೆಯನ್ನು ಬೆಳಗುವುದು ಬಹುಮಟ್ಟಿಗೆ ಅದೊಂದೇ. ಇಂಥ ದೈತ್ಯ ಹುಟ್ಟಿದ್ದಾದರೂ ಹೇಗೆ?

ನೀಹಾರಿಕೆಯ ಬೆನ್ನಿಗೇ ಕಪ್ಪು ಮೋಡವೊಂದಿದೆ. ಬಹುಪಾಲು ಜಲಜನಕ, ಅಷ್ಟಿಷ್ಟು ಹೀಲಿಯಂ, ನೂರಕ್ಕೊಂದು ಪಾಲು ಧೂಳು. ಅದನ್ನು ದಟ್ಟವೆನ್ನುವುದು ಆಕಾಶದ ಅಳತೆಯಿಂದ. ಭೂಮಿಯ ಗಾಳಿ ಅದಕ್ಕಿಂತ ಲಕ್ಷ ಕೋಟಿ ಪಟ್ಟಿಗೂ ಹೆಚ್ಚು ದಟ್ಟ! ಇಂಥ ಮೋಡಗಳಲ್ಲಿ ಶೂನ್ಯಕ್ಕಿಂತ 260 ಡಿಗ್ರಿ ಕೆಳಗಿನ ಚಳಿಯುಂಟು. ಆ ಚಳಿಯೇ ಉಪಕಾರಿ. ಕಾವಿದ್ದೆಡೆ ಅನಿಲ ಹಿಗ್ಗುವುದು. ಕಾವಿಲ್ಲದೆಡೆ ತನ್ನ ಭಾರಕ್ಕೆ ತಾನೇ ಕುಸಿಯುವುದು.

ಸೂರ್ಯನಂಥ ತಾರೆ ಮೊದಲು ಹೊಟ್ಟೆ ತುಂಬಿಸಿಕೊಂಡು, ಆಮೇಲೆ ನಾಲ್ಕೈದು ಕೋಟಿ ವರ್ಷ ಕುಗ್ಗುತ್ತ, ನಿಧಾನವಾಗಿ ಒಲೆ ಹೊತ್ತಿಸಿಕೊಳ್ಳುವುದು. ದೈತ್ಯನಿಗೆ ಅಷ್ಟು ತಾಳ್ಮೆಯಿಲ್ಲ. ಉಣ್ಣುತ್ತಿರುವಾಗಲೇ ಅದರ ಒಡಲಲ್ಲಿ ಜಲಜನಕವು ಹೀಲಿಯಂ ಆಗತೊಡಗುವುದು. ಹೊರಹೊಮ್ಮುವ ಬೆಳಕು ಒಳಬರುವ ಧೂಳನ್ನು ತಳ್ಳುವುದು. ಧೂಳಿನೊಡನೆ ಅನಿಲವೂ ಹಿಂಜರಿಯುವುದು. ಹಾಗಿದ್ದರೆ ತಾರೆ ಒಂದು ಮಿತಿಯಾಚೆ ಬೆಳೆಯಲಾರದೆಂದು 1970ರ ದಶಕದ ಲೆಕ್ಕಗಳು ಹೇಳಿದವು. ಆಕಾಶದಲ್ಲಿಯೋ ನೂರು ಸೂರ್ಯರ ತೂಕದವೂ ಇವೆ!

ತೊಡಕಿದ್ದುದು, ಅನಿಲವು ಎಲ್ಲ ಕಡೆಯಿಂದಲೂ ಸಮನಾಗಿ ಬೀಳುವುದೆಂಬ ಊಹೆಯಲ್ಲಿ. ಮೋಡಕ್ಕೆ ಮೊದಲೇ ಕೊಂಚ ತಿರುಗಣೆಯಿರುತ್ತದೆ. ಕುಸಿಯುವಾಗ ಅದು ಬಿರುಸಾಗಿ, ಅನಿಲವು ಬೀಸುವ ಕಲ್ಲಿನಂತೆ ಚಪ್ಪಟೆಯಾದ ತಟ್ಟೆಯಾಗುತ್ತದೆ. ಅಡಿಗೆಮನೆಯ ಹೊಗೆ ಗವಾಕ್ಷಿಯನ್ನು ಹುಡುಕಿಕೊಳ್ಳುವಂತೆ ಬೆಳಕು ತೆಳುವಾದ ಮೇಲುಕೆಳಗಿನ ದಾರಿಯಲ್ಲಿ ಪಾರಾಗುತ್ತದೆ. ಉಣಿಸು ಪಕ್ಕದ ತಟ್ಟೆಯಿಂದ ಬರುತ್ತಲೇ ಇರುತ್ತದೆ. 2009ರಲ್ಲಿ ಗಣಕಯಂತ್ರದ ಲೆಕ್ಕಗಳು ಇದನ್ನು ತೋರಿಸಿಕೊಟ್ಟವು. 2023ರಲ್ಲಿ ಚಿಲಿ ದೇಶದ ಅಟಕಾಮಾ ಮರುಭೂಮಿಯ ರೇಡಿಯೋ ದೂರದರ್ಶಕಗಳು ನೆರೆಯ ತಾರಾಮಂಡಲವಾದ ದೊಡ್ಡ ಮೆಗೆಲನ್ ಮೋಡದಲ್ಲಿಯೂ ಅಂಥ ತಟ್ಟೆಯೊಂದನ್ನು ಕಂಡವು.

ಬೆಳೆದ ದೈತ್ಯನ ನೆರೆ ಮಾತ್ರ ಸುಖದ್ದಲ್ಲ. ವ್ಯಾಧನ ಕತ್ತಿಯಲ್ಲಿ ಆ ಹಿರಿಯನ ಸುತ್ತ ಎಳೆಯ ತಾರೆಗಳಿರುವುದನ್ನೂ, ಹಲವಕ್ಕೆ ಗ್ರಹಗಳು ಕೂಡಿಬರಬಲ್ಲ ಧೂಳಿನ ತಟ್ಟೆಗಳಿರುವುದನ್ನೂ ಹಬಲ್ ದೂರದರ್ಶಕ 1990ರ ದಶಕದಲ್ಲಿ ತೋರಿಸಿತು. ಹಿರಿಯನ ಕಿರಣಗಳಿಗೆ ಸಿಕ್ಕ ತಟ್ಟೆಗಳು ಕರಗಿ, ಧೂಮಕೇತುವಿನಂತೆ ಬಾಲ ಬಿಡುತ್ತಿವೆ. ಸೂರ್ಯನ ಆಯುಸ್ಸು ಸಾವಿರ ಕೋಟಿ ವರ್ಷ. ಹಿರಿಯನದು ಕೆಲವೇ ದಶಲಕ್ಷ. ಅಷ್ಟರೊಳಗೆ ಆ ಮರಿಗಳ ಮಡಿಲಲ್ಲಿ ಭೂಮಿಯಂಥದೊಂದು ಕೂಡಿಕೊಳ್ಳುವಷ್ಟು ಧೂಳು ಉಳಿದೀತೇ?