ಹಣೆಯ ಚರ್ಮದಿಂದ ಮೂಗು

ಮೂಗನ್ನು ಕಳೆದುಕೊಂಡವನು ಬದುಕಬಲ್ಲನು, ದುಡಿಯಲೂಬಲ್ಲನು. ನಾಲ್ವರ ನಡುವೆ ತಲೆಯೆತ್ತಿ ನಿಲ್ಲುವುದೇ ಅವನಿಗೆ ಕಷ್ಟ. ಮೂಗು ಕೊಯ್ಯುವ ಶಿಕ್ಷೆಯನ್ನು ಹೂಡಿದವರಿಗೆ ಇದು ಚೆನ್ನಾಗಿ ತಿಳಿದಿತ್ತು.

1792ರಲ್ಲಿ ಮುಗಿದ ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತನು ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ವರ್ಷದ ತರುವಾಯ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಆತನಿಗೆ ಹೊಸ ಮೂಗನ್ನು ಮಾಡಿಕೊಟ್ಟನು. ಮೇಣದ ತೆಳುಹಾಳೆಯಿಂದ ಮೂಗಿನ ಅಚ್ಚು ತೆಗೆದು, ಅದನ್ನು ಹಣೆಯ ಮೇಲೆ ಹರಡಿ, ಸುತ್ತಲೂ ಗೆರೆಯೆಳೆದು ಚರ್ಮವನ್ನು ಬಿಡಿಸಿದನು. ಹುಬ್ಬುಗಳ ನಡುವೆ ಮಾತ್ರ ಕಿರಿದಾದೊಂದು ತೊಟ್ಟನ್ನು ಉಳಿಸಿದನು. ಗುಟ್ಟೆಲ್ಲ ಈ ತೊಟ್ಟಿನಲ್ಲಿದೆ. ತಿರುಚಿ ಕೆಳಗಿಳಿಸಿದ ಚರ್ಮಕ್ಕೆ ರಕ್ತವು ಅದರ ಮೂಲಕವೇ ಹರಿಯುತ್ತದೆ. ಅದಿಲ್ಲವಾದರೆ ಚರ್ಮವು ಸಾಯುತ್ತದೆ. ಸುಮಾರು 25 ದಿನಗಳಲ್ಲಿ ಹೊಸ ನೆಲೆಯ ರಕ್ತನಾಳಗಳು ಚರ್ಮದೊಳಗೆ ಬೆಳೆದುಬಂದ ಬಳಿಕ ತೊಟ್ಟನ್ನು ಕತ್ತರಿಸಲಾಯಿತು.

1794ರ ಅಕ್ಟೋಬರಿನಲ್ಲಿ ಲಂಡನ್ನಿನ ಪತ್ರಿಕೆಯೊಂದು ಇದನ್ನು ಚಿತ್ರಸಹಿತ ಪ್ರಕಟಿಸಿತು. ಅದರಲ್ಲಿ ರೋಗಿಯ ಹೆಸರಿದೆ, ಮೂಗು ಮಾಡಿದವನದಿಲ್ಲ! 1814ರಲ್ಲಿ ಜೋಸೆಫ್ ಕಾರ್ಪ್ಯೂ ಇದೇ ಕ್ರಮವನ್ನು ಲಂಡನ್ನಿನಲ್ಲಿ ಅನುಸರಿಸಿದನು.

1898ರಲ್ಲಿ ಬರ್ಲಿನ್ನಿನ ಜಾಕ್ ಯೋಸೆಫನ ಬಳಿಗೆ ಬಂದವನ ಮೂಗಿಗೆ ಯಾವ ರೋಗವೂ ಇರಲಿಲ್ಲ. ಅದು ದೊಡ್ಡದು, ಅಷ್ಟೆ. ಜನರ ನೋಟಕ್ಕೆ ಅಂಜಿ ಆತನು ಹೊರಗೆ ಬರುವುದನ್ನೇ ಬಿಟ್ಟಿದ್ದನು. ಮನಸ್ಸಿನ ಸಂಕಟವೂ ಚಿಕಿತ್ಸೆಗೆ ತಕ್ಕ ಕಾರಣವೆಂದು ಯೋಸೆಫನು ವಾದಿಸಿದನು. ವಾದವು ಸರಿಯೇ, ಆದರೆ ಆ ಸಂಕಟವನ್ನು ತಂದಿತ್ತ ನೋಟಕ್ಕೆ ಯಾರೂ ಕತ್ತಿಯಿಡಲಿಲ್ಲ.

ಹಣೆಯ ಚರ್ಮದ ಕ್ರಮವಂತೂ ಅರ್ಬುದರೋಗದಿಂದ ಮೂಗು ಕಳೆದುಕೊಂಡವರಿಗೆ ಇಂದಿಗೂ ಬಳಕೆಯಲ್ಲಿದೆ. ತೊಟ್ಟನ್ನು ಸಾಮಾನ್ಯವಾಗಿ ಈಗಲೂ ಸುಮಾರು ಮೂರು ವಾರಗಳ ಬಳಿಕವೇ ಕತ್ತರಿಸುತ್ತಾರೆ.