ನಾಳೆಯ ಚಿತ್ರ ಅಳಿಸಿಹೋದಾಗ: ಕ್ರೈಸ್ತ ವಿಶ್ವಾಸ, ಆಪ್ತಸಮಾಲೋಚನೆ ಮತ್ತು ಭರವಸೆ

"ನಿನ್ನ ವಿಶ್ವಾಸ ಸಾಲದು, ಇನ್ನಷ್ಟು ಪ್ರಾರ್ಥಿಸು." ಖಿನ್ನತೆಗೆ ಸಿಕ್ಕಿದ ಕ್ರೈಸ್ತರಿಗೆ ಮನೆಯವರಿಂದಲೋ ಸಭೆಯವರಿಂದಲೋ ಮೊದಲು ಬರುವ ಮಾತು ಬಹಳ ಸಲ ಇದೇ. ಹೇಳುವವರ ಮನಸ್ಸಿನಲ್ಲಿ ಇರುವುದು ಪ್ರೀತಿಯೇ. ಕೇಳಿಸಿಕೊಂಡವರ ಪಾಡು ಬೇರೆ. ಮೊದಲೇ ನಿದ್ದೆ ಹತ್ತುವುದಿಲ್ಲ, ಊಟ ರುಚಿಸುವುದಿಲ್ಲ, ಬೆಳಗಾದರೆ ಏಳಲು ಮೈ ಒಪ್ಪುವುದಿಲ್ಲ. ಈಗ ಅದರ ಮೇಲೆ, ದೇವರಿಗೂ ಬೇಡವಾದೆನೆಂಬ ಭಾರ. ಹೊರಲು ಒಂದೇ ಹೊರೆ ಇದ್ದವರಿಗೆ ಎರಡಾಯಿತು. ಈ ಮಾತು ಎಲ್ಲಿ ತಪ್ಪುತ್ತದೆ ಎಂಬುದನ್ನು ನಿಧಾನವಾಗಿ ಬಿಡಿಸಿ ನೋಡಬೇಕು. ಅದು ಬಿಡಿಸಿಕೊಂಡರೆ ಉಳಿದದ್ದು ಸುಲಭ.

ಮೊದಲು ಯಾರು ಯಾರೆಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋರೋಗಗಳ ಬಗ್ಗೆಯೇ ಮುಂದೆ ಓದಿದ ಡಾಕ್ಟರು, ಮಾತ್ರೆ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟರು ಮಾತ್ರೆ ಬರೆಯುವುದಿಲ್ಲ, ಪರೀಕ್ಷೆಗಳಿಂದ ಮನಸ್ಸಿನ ಸ್ಥಿತಿಯನ್ನು ಅಳೆಯುತ್ತಾರೆ, ಮಾತಿನ ಚಿಕಿತ್ಸೆ ಕೊಡುತ್ತಾರೆ. ಆಪ್ತಸಮಾಲೋಚಕರು ಗೊತ್ತುಮಾಡಿದ ಹೊತ್ತಿನಲ್ಲಿ ಕೂತು ಕೇಳಿ, ನಿಮ್ಮ ತೊಡಕನ್ನು ನೀವೇ ಬಿಡಿಸಿಕೊಳ್ಳಲು ಜೊತೆಯಾಗುತ್ತಾರೆ. ಬುದ್ಧಿವಾದ ಹೇಳುವುದು ಅವರ ಕೆಲಸವಲ್ಲ; ಅದನ್ನು ಹೇಳಲು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಥೋಲಿಕರ ಪಾಪನಿವೇದನೆ ಒಂದು ಸಂಸ್ಕಾರ. ಅಲ್ಲಿ ಗುರುಗಳ ಕಿವಿಗೆ ಬಿದ್ದದ್ದು ಯಾವ ಕಾರಣಕ್ಕೂ ಹೊರಬೀಳುವಂತಿಲ್ಲ. ಆಪ್ತಸಮಾಲೋಚಕರೂ ಗುಟ್ಟು ಕಾಯುತ್ತಾರೆ, ಆದರೆ ಜೀವಕ್ಕೆ ಅಪಾಯ ಕಂಡರೆ ಮನೆಯವರನ್ನೋ ಡಾಕ್ಟರನ್ನೋ ಕರೆಯಬೇಕಾಗುತ್ತದೆ.

ಇನ್ನು ಮುಖ್ಯ ವಿಷಯ.

ವಿಶ್ವಾಸ ಕಡಿಮೆಯಾದರೆ ಖಿನ್ನತೆ ಬರುತ್ತದೆ ಎನ್ನುವವರು ಹಳೆಯ ಒಡಂಬಡಿಕೆಯ ಎಲೀಯನಿಗೆ ಏನು ಹೇಳುತ್ತಾರೆ? ಕರ್ಮೆಲ್ ಬೆಟ್ಟದ ಮೇಲೆ ಇಡೀ ನಾಡಿನೆದುರು ತನ್ನ ದೇವರ ಪರವಾಗಿ ಗೆದ್ದು ನಿಂತ ಪ್ರವಾದಿ ಅವನು. ಅದರ ಬೆನ್ನಿಗೇ ರಾಣಿ ಈಜೆಬೆಲಳ ಬೆದರಿಕೆ ಬಂತು. ಓಡಿಹೋಗಿ, ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಸಿದು ಕೂತು, ಸಾಕು, ಜೀವ ತೆಗೆದುಕೋ ಎಂದು ಬೇಡಿದ. ಆಗ ನಡೆದದ್ದನ್ನು ಅರಸುಗಳು ಮೊದಲನೆಯ ಪುಸ್ತಕದ 19ನೆಯ ಅಧ್ಯಾಯದಲ್ಲಿ ದಯವಿಟ್ಟು ಇನ್ನೊಮ್ಮೆ ಓದಿ. ದೇವದೂತ ಬಂದು ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಎಬ್ಬಿಸಿ ಉಣಿಸಿದ. ಹೋರೇಬ್ ಬೆಟ್ಟ ಮುಟ್ಟಿದ ಮೇಲೆ ದೇವರು ಕೇಳಿದ್ದು ಒಂದು ಪ್ರಶ್ನೆ, ಇಲ್ಲೇಕೆ ಇದ್ದೀ ಎಂದು. ಎಲೀಯ ತನ್ನ ದೂರನ್ನು ತೋಡಿಕೊಂಡ. ಅದೇ ಪ್ರಶ್ನೆ ಮತ್ತೆ ಬಂತು, ಅವನ ಉತ್ತರವೂ ಅದೇ. ಎರಡು ಸಲ ಹೇಳಲು ಬಿಟ್ಟಮೇಲೆ, ಮಾಡಲು ಕೆಲವು ಸ್ಪಷ್ಟ ಕೆಲಸ ಸಿಕ್ಕಿತು, ಜೊತೆಗೆ ಎಲೀಷನೆಂಬ ಸಂಗಾತಿ ಸಿಕ್ಕಿದ. ನಾನೊಬ್ಬನೇ ಉಳಿದೆ ಎಂಬ ಅವನ ಕೊರಗಿಗೆ ಕೊನೆಯಲ್ಲಿ ಉತ್ತರ ಬಂತು: ಇನ್ನೂ ಏಳು ಸಾವಿರ ಮಂದಿ ಇದ್ದಾರೆ. ಆಪ್ತಸಮಾಲೋಚನೆ ಕಲಿಯಲು ಬಂದವರಿಗೆ ನಾನು ಮೊದಲು ಓದಲು ಹೇಳುವುದು ಈ ಅಧ್ಯಾಯವನ್ನೇ. ನಿದ್ದೆ, ಊಟ, ಕೇಳುವ ಕಿವಿ, ಆಮೇಲೆ ಕೆಲಸ. ತಪ್ಪು ಎಣಿಕೆಯನ್ನು ತಿದ್ದಿದ್ದು ಎಲ್ಲಕ್ಕಿಂತ ಕೊನೆಗೆ. ಈ ಕ್ರಮಕ್ಕೆ ದೊಡ್ಡ ಬೆಲೆಯಿದೆ.

ಹಾಗಾದರೆ ಖಿನ್ನತೆಯಲ್ಲಿ ಭರವಸೆಗೆ ನಿಜಕ್ಕೂ ಏನಾಗುತ್ತದೆ? ನನಗೆ ಅತ್ಯಂತ ಪ್ರಿಯವಾದ ಸಂಶೋಧನೆ ಇಲ್ಲಿ ಬರುತ್ತದೆ. 1986ರಲ್ಲಿ ಮಾರ್ಕ್ ವಿಲಿಯಮ್ಸ್ ಮತ್ತು ಬ್ರಾಡ್‌ಬೆಂಟ್ ಎಂಬ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞರು, ಜೀವ ಕಳೆದುಕೊಳ್ಳಲು ಹೋಗಿ ಬದುಕುಳಿದವರನ್ನು ಮಾತಾಡಿಸಿದರು. ಒಂದೊಂದು ಪದ ಕೊಟ್ಟು, ಅದರಿಂದ ನೆನಪಾಗುವ ಒಂದೇ ಒಂದು ನಿರ್ದಿಷ್ಟ ಘಟನೆಯನ್ನು ಹೇಳಿ ಎಂದರು. ನಮ್ಮ ಕಡೆಯ ಉದಾಹರಣೆ ಕೊಡುತ್ತೇನೆ. 'ಸಂತೋಷ' ಎಂದ ಕೂಡಲೇ ಒಬ್ಬರು, "ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಅಪ್ಪ ಬಸ್‌ಸ್ಟ್ಯಾಂಡಿನಿಂದ ಜಿಲೇಬಿ ಕಟ್ಟಿಸಿಕೊಂಡು ಬಂದರು" ಎನ್ನಬಹುದು. ಇನ್ನೊಬ್ಬರು, "ರಜೆಯಲ್ಲಿ ಅಜ್ಜಿಮನೆಗೆ ಹೋಗುತ್ತಿದ್ದೆವು, ಚೆನ್ನಾಗಿರುತ್ತಿತ್ತು" ಎನ್ನಬಹುದು. ಮೊದಲನೆಯದು ಒಂದು ದಿನದ ಚಿತ್ರ. ಎರಡನೆಯದು ಹಲವು ದಿನಗಳ ಸಾರಾಂಶ. ಬದುಕುಳಿದವರ ಉತ್ತರಗಳು ಮತ್ತೆ ಮತ್ತೆ ಎರಡನೆಯ ಬಗೆಗೇ ಜಾರಿದವು. ಕೆದಕಿ ಕೇಳಿದರೂ ಬಿಡಿ ಘಟನೆ ಸುಲಭವಾಗಿ ಕೈಗೆ ಬರಲಿಲ್ಲ.

1993ರಲ್ಲಿ ಮ್ಯಾಕ್ಲಿಯಡ್, ರೋಸ್ ಮತ್ತು ಇದೇ ವಿಲಿಯಮ್ಸ್, ಜೀವ ಕಳೆದುಕೊಳ್ಳಲು ಯತ್ನಿಸಿದವರನ್ನೇ ಮುಂದಿನ ದಿನಗಳ ಬಗ್ಗೆ ಕೇಳಿದರು. ನೀವು ಎದುರುನೋಡುತ್ತಿರುವ ಸಂಗತಿಗಳೇನು? ನಿಮಗೆ ಬೇಡವಾದ, ಚಿಂತೆ ತರುವ ಸಂಗತಿಗಳೇನು? ಕೊಟ್ಟ ಸ್ವಲ್ಪ ಸಮಯದಲ್ಲಿ ತೋಚಿದಷ್ಟನ್ನೂ ಹೇಳಬೇಕು. ಇವರು ಕೆಟ್ಟದ್ದನ್ನೇ ರಾಶಿ ಹಾಕಬಹುದು ಎಂದು ಯಾರಾದರೂ ಊಹಿಸುತ್ತಾರೆ. ಹಾಗಾಗಲಿಲ್ಲ! ಕೆಟ್ಟದ್ದರ ಲೆಕ್ಕದಲ್ಲಿ ಅವರು ಉಳಿದವರಿಗಿಂತ ಮುಂದಿರಲಿಲ್ಲ. ಒಳ್ಳೆಯದರ ಲೆಕ್ಕ ಮಾತ್ರ ಬಡವಾಗಿತ್ತು. ನಿರಾಶೆ ಎಂದರೆ ಮುಂದೆ ಕತ್ತಲೆ ಕಾಣುವುದು ಎಂದುಕೊಂಡಿದ್ದೆವು. ಮುಂದೆ ಒಳ್ಳೆಯದಾಗಿ ಏನೂ ಕಾಣದಿರುವುದು ಅದರ ತಿರುಳು ಎಂದು ಈ ಅಧ್ಯಯನ ತೋರಿಸಿತು.

1996ರಲ್ಲಿ ವಿಲಿಯಮ್ಸ್ ಮತ್ತು ಜೊತೆಗಾರರು ಎರಡನ್ನೂ ಹೊಂದಿಸಿದರು. ಹಿಂದಿನದನ್ನು ಬಿಡಿ ಘಟನೆಗಳಾಗಿ ನೆನೆಯಲಾರದವರಿಗೆ ಮುಂದಿನದನ್ನು ಬಿಡಿ ಚಿತ್ರಗಳಾಗಿ ಊಹಿಸಿಕೊಳ್ಳುವುದೂ ಕಷ್ಟ. ಮನಸ್ಸು ನಾಳೆಯನ್ನು ಕಟ್ಟುವುದು ನಿನ್ನೆಯ ತುಣುಕುಗಳಿಂದ. ಹಳೆ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿದಂತೆ. ತುಂಡುಗಳೇ ಕೈಗೆ ಸಿಗದವರಿಗೆ "ಭರವಸೆ ಇಡು" ಎಂದರೆ ಅವರು ಯಾವುದರಿಂದ ಹೊಲಿಯಬೇಕು? ಈ ತೊಡಕು ಇರುವುದು ನೆನಪು ಕೆಲಸ ಮಾಡುವ ರೀತಿಯಲ್ಲಿ, ದೇವರೊಂದಿಗಿನ ಸಂಬಂಧದ ಗಟ್ಟಿತನದಲ್ಲಿ ಅಲ್ಲ. ದೈವಭಕ್ತರಲ್ಲೂ ಆಗುತ್ತದೆ, ನಾಸ್ತಿಕರಲ್ಲೂ ಆಗುತ್ತದೆ.

ಖುಷಿಯಿಂದ ಹೇಳಬೇಕಾದ ಇನ್ನೊಂದು ಸಂಗತಿ ಇದೆ. ಖಿನ್ನತೆ ಮರುಕಳಿಸದಂತೆ ತಡೆಯುವ ಒಂದು ಹೆಸರಾಂತ ಚಿಕಿತ್ಸಾ ಪದ್ಧತಿಯನ್ನು ಸೀಗಲ್, ಟೀಸ್‌ಡೇಲ್ ಜೊತೆ ಸೇರಿ ರೂಪಿಸಿದ ಈ ಮಾರ್ಕ್ ವಿಲಿಯಮ್ಸ್ ಆಂಗ್ಲಿಕನ್ ಸಭೆಯ ದೀಕ್ಷೆ ಪಡೆದ ಗುರುಗಳೂ ಹೌದು. ವಿಶ್ವಾಸವೋ ಮನಶ್ಶಾಸ್ತ್ರವೋ, ಒಂದನ್ನು ಆರಿಸಿಕೋ ಎನ್ನುವವರು ಇವರ ಬದುಕನ್ನು ಗಮನಿಸಬೇಕು.

ಆಪ್ತಸಮಾಲೋಚಕರು "ಎಲ್ಲ ಸರಿಹೋಗುತ್ತದೆ" ಎನ್ನದೆ, "ನಾಳೆ ಬೆಳಿಗ್ಗೆ ಎದ್ದಮೇಲೆ ಏನು ಮಾಡುತ್ತೀರಿ? ಯಾರ ಜೊತೆ?" ಎಂದು ಏಕೆ ಕೇಳುತ್ತಾರೆಂಬುದು ಈಗ ತಿಳಿದಿರಬೇಕು. 2009ರಲ್ಲಿ ಬೆಲ್ಜಿಯಮಿನ ಫಿಲಿಪ್ ರಾಯಸ್ ಮತ್ತು ಸಂಗಡಿಗರು, ಖಿನ್ನತೆಯಿಂದ ಆಸ್ಪತ್ರೆ ಸೇರಿದ್ದ ಹತ್ತು ಹೆಂಗಸರಿಗೆ ಬಿಡಿ ಘಟನೆಗಳನ್ನು ನೆನೆಯುವ ಅಭ್ಯಾಸ ಮಾಡಿಸಿದರು. ತೀರ ಸಣ್ಣ ಪ್ರಯೋಗ. ಆದರೂ ಆ ನೆನಪು ಅಭ್ಯಾಸದಿಂದ ಚುರುಕಾಗಬಲ್ಲದು ಎಂಬುದು ಅದರಿಂದ ಕಂಡಿತು.

ಈ ಅಭ್ಯಾಸಕ್ಕೆ ಕ್ರೈಸ್ತರಲ್ಲಿ ಪುರಾತನ ಬೇರು ಇದೆ. 77ನೆಯ ಕೀರ್ತನೆಯನ್ನು ತೆಗೆದು ನೋಡಿ. ದೇವರು ನನ್ನನ್ನು ಮರೆತನೇ ಎಂಬ ಅಳಲಿನಲ್ಲಿ ಶುರುವಾಗಿ, ನಡುವೆ ಕವಿ ಹಟ ಹಿಡಿದವನಂತೆ ಹಿಂದೆ ನಡೆದದ್ದನ್ನು ನೆನೆಯತೊಡಗುತ್ತಾನೆ. 88ನೆಯದು ಮಾತ್ರ ಹಾಗೆ ತಿರುಗುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಒಟ್ಟು 150 ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲು ಇಂಥ ಗೋಳಿನವೇ. ಅವೆಲ್ಲ ಪ್ರಾರ್ಥನೆಯ ಪುಸ್ತಕದಲ್ಲೇ ಜಾಗ ಪಡೆದಿವೆ. ದುಃಖವನ್ನು ಅಡಗಿಸಿಟ್ಟು ನಗುಮುಖದಿಂದ ಆರಾಧನೆಗೆ ಬರಬೇಕೆಂಬ ಕಟ್ಟಳೆ ಸತ್ಯವೇದದ್ದಲ್ಲ. ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವ ರೂಢಿಯಿದೆಯಲ್ಲ, ಅಲ್ಲಿಯೂ ಒಂದು ಮಾತು. "ದೇವರು ನನ್ನನ್ನು ಬಹಳ ಆಶೀರ್ವದಿಸಿದ್ದಾರೆ" ಎಂದು ಕೂತುಬಿಡುವ ಬದಲು, "ಜ್ವರ ಬಂದು ಮಲಗಿದ್ದಾಗ ಎದುರುಮನೆಯವರು ಗಂಜಿ ತಂದುಕೊಟ್ಟರು" ಎಂದು ಹೇಳುವುದನ್ನು ರೂಢಿಸಿಕೊಂಡರೆ, ಹೇಳುವವರಿಗೂ ಕೇಳುವವರಿಗೂ ಕೌದಿಗೆ ಒಂದೊಂದು ತುಂಡು ಬಟ್ಟೆ ಸಿಕ್ಕೀತು.

ಹಾಗೆಂದು ಧಾರ್ಮಿಕತೆ ಯಾವಾಗಲೂ ಆಸರೆಯೇ ಎನ್ನಲಾಗದು. ಅಮೆರಿಕದ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು 55 ದಾಟಿದ 596 ಆಸ್ಪತ್ರೆ ರೋಗಿಗಳನ್ನು ಎರಡು ವರ್ಷ ಗಮನಿಸಿ 2001ರಲ್ಲಿ ವರದಿ ಮಾಡಿದರು. ದೇವರು ಕೈಬಿಟ್ಟ, ದೇವರಿಗೆ ನನ್ನ ಮೇಲೆ ಪ್ರೀತಿಯಿಲ್ಲ, ಇದು ಸೈತಾನನ ಕೆಲಸ ಎಂಬ ಯೋಚನೆಗಳಲ್ಲಿ ತೊಳಲುತ್ತಿದ್ದವರಲ್ಲಿ ಸಾವಿನ ಸಂಭವ 19ರಿಂದ 28 ಶೇಕಡಾ ಹೆಚ್ಚಿತ್ತು; ಕಾಯಿಲೆಯ ತೀವ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿಯಿತು. ಇದರಿಂದ ಕಾರಣ ಇದೇ ಎಂದು ಸಾಬೀತಾಗದು, ಆದರೆ ಎಚ್ಚರಿಕೆ ಸ್ಪಷ್ಟ. ಹಾಸಿಗೆ ಹಿಡಿದವರ ಪಕ್ಕ ಕೂತು "ಇದು ನಿನ್ನ ಪಾಪದ ಫಲ" ಎನ್ನುವವರು ಆ ತೊಳಲಾಟಕ್ಕೇ ನೀರೆರೆಯುತ್ತಾರೆ. ಯೋಬನ ಗೆಳೆಯರು ಮಾಡಿದ್ದೂ ಇದನ್ನೇ. ಮೊದಲ ಏಳು ದಿನ ಅವರು ಮಾತಿಲ್ಲದೆ ಜೊತೆಗೆ ಕೂತಿದ್ದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

ಪಾಪಭಾವನೆಯೇ ಕಾಯಿಲೆಯಾಗುವುದೂ ಉಂಟು. ಯೇಸುಸಭೆಯನ್ನು ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ ಹೇಳಿದ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸಿದರು, ಸಮಾಧಾನ ಸಿಗಲಿಲ್ಲ. ಜೀವ ಕಳೆದುಕೊಳ್ಳುವ ಯೋಚನೆಯವರೆಗೂ ಹೋದರು. ಕೊನೆಗೆ, ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲ ಎಂದು ಗಟ್ಟಿ ಮಾಡಿದ ಮೇಲೆ ಬಿಡುಗಡೆ ಸಿಕ್ಕಿತು. ಇಂದಿನ ಮನೋವೈದ್ಯರು ಇಂಥ ಲಕ್ಷಣಗಳನ್ನು ಗೀಳು ಕಾಯಿಲೆಯ ಸಾಲಿನಲ್ಲಿಟ್ಟು ನೋಡುತ್ತಾರೆ, ಮತ್ತೆ ಮತ್ತೆ ಮಾಡುವುದನ್ನು ನಿಲ್ಲಿಸುವ ಅಭ್ಯಾಸವೇ ಅದರ ಚಿಕಿತ್ಸೆಯ ಮುಖ್ಯ ಅಂಗ. ಮನಸ್ಸು ಬತ್ತಿದ ಹೊತ್ತಿನಲ್ಲಿ, ಅದಕ್ಕೆ ಮೊದಲು ಮಾಡಿದ ನಿರ್ಧಾರವನ್ನು ಬದಲಿಸಬೇಡಿ ಎಂಬುದು ಅದೇ ಇಗ್ನೇಷಿಯಸರು ಮುಂದೆ ಕೊಟ್ಟ ಸೂತ್ರ. ಆಪ್ತಸಮಾಲೋಚಕರು ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಹೇಳುತ್ತಾರೆ.

ತರಬೇತಿ ಇಲ್ಲದ ಸಭಿಕರು ಏನು ಮಾಡಬಹುದು? 1953ರಲ್ಲಿ ಲಂಡನ್ನಿನ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿನ ಗುರು ಚಾಡ್ ವಾರಾ, ಬದುಕು ಸಾಕೆನಿಸಿದವರಿಗಾಗಿ ಟೆಲಿಫೋನ್ ಸಹಾಯವಾಣಿ ಶುರುಮಾಡಿದರು. ಅವರನ್ನು ಕಾಣಲು ಕಾದು ಕೂತವರಿಗೆ ಚಹಾ ಕೊಟ್ಟು ಮಾತಾಡಿಸಲು ಕೆಲವು ಸ್ವಯಂಸೇವಕರಿದ್ದರು. ಅವರೊಂದಿಗೆ ಮಾತಾಡಿದ ಹಲವರಿಗೆ ಆಮೇಲೆ ಗುರುಗಳನ್ನು ನೋಡುವ ಅಗತ್ಯವೇ ಕಾಣಲಿಲ್ಲ. ಮುಂದಿನ ವರ್ಷವೇ ವಾರಾ ಕೇಳುವ ಕೆಲಸವನ್ನು ಅವರ ಕೈಗೆ ಒಪ್ಪಿಸಿದರು. ಆ ಸಹಾಯವಾಣಿ ಸಮಾರಿಟನ್ಸ್ ಸಂಸ್ಥೆಯಾಗಿ ಬೆಳೆದದ್ದು ಹೀಗೆ.

ಆದರೆ ಕೇಳುವವರಿಗೆ ತಮ್ಮ ಮಿತಿ ಗೊತ್ತಿರಬೇಕು. ನಿರಾಶೆ ವಾರಗಟ್ಟಲೆ ಇಳಿಯದಿದ್ದರೆ, ಸಾಯುವ ಮಾತು ಬಂದರೆ, ಪ್ರಾರ್ಥನೆ ನಡೆಯಲಿ, ಡಾಕ್ಟರಲ್ಲಿಗೂ ಕರೆದೊಯ್ಯಿರಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲೂ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ; ಅದಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ ಪ್ರಯೋಗ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಪರಿಗಣಿಸಿ ಆರೈಕೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ; ಪೊಲೀಸರ ಹೆದರಿಕೆಯಿಂದ ಮುಚ್ಚಿಡುವುದು ಬೇಡ.

ಇದನ್ನು ಓದುತ್ತಿರುವ ಮನಶ್ಶಾಸ್ತ್ರದ ವಿದ್ಯಾರ್ಥಿಗಳಲ್ಲಿ, ಸೆಮಿನರಿಯ ತರುಣ ತರುಣಿಯರಲ್ಲಿ ನನ್ನದೊಂದು ಬೇಡಿಕೆ. ನಾನು ಹೇಳಿದ ಅಧ್ಯಯನಗಳೆಲ್ಲ ನಡೆದದ್ದು ಯುರೋಪು, ಅಮೆರಿಕಗಳಲ್ಲಿ. ಕನ್ನಡದ ಪದ ಕೊಟ್ಟು ಕನ್ನಡದಲ್ಲೇ ನೆನಪು ಕೇಳಿ ನೋಡಿ. ಮಂಗಳೂರಿನ ವಾರ್ಡು ಪ್ರಾರ್ಥನೆಯಲ್ಲಿ, ಬೀದರಿನ ಹಳ್ಳಿಯ ಮೆಥೋಡಿಸ್ಟ್ ಸಭೆಯಲ್ಲಿ, ಕೋಲಾರದ ಶುಕ್ರವಾರದ ಉಪವಾಸ ಕೂಟದಲ್ಲಿ ಜನ ಹೇಳುವ ಸಾಕ್ಷಿಗಳನ್ನು ಅವರ ಒಪ್ಪಿಗೆ ಪಡೆದು ಬರೆದಿಟ್ಟುಕೊಳ್ಳಿ. ಬಿಡಿ ಘಟನೆ ಹೇಳಿದವರಿಗೆ ನಾಳೆಯ ಚಿತ್ರ ಬಿಡಿಸುವುದು ಸುಲಭವಾಗುತ್ತದೆಯೇ ಎಂದು ಅದೇ ಜನರನ್ನು ಕೆಲವು ತಿಂಗಳ ಮೇಲೆ ಮತ್ತೆ ಕೇಳಿ. ಒಬ್ಬ ಗುರುಗಳು, ಒಬ್ಬ ಆಪ್ತಸಮಾಲೋಚಕರು, ಲೆಕ್ಕ ಬಲ್ಲ ಒಬ್ಬ ವಿದ್ಯಾರ್ಥಿ ಕೂಡಿದರೆ ಮುಂದಿನ ವರ್ಷವೇ ಶುರುಮಾಡಬಹುದಾದ ಕೆಲಸ ಇದು.